ಹಗ್ಗ ಬಿಚ್ಚಿದ ಮೇಲೆ

"ಕುದುರೆ ಸವಾರಿ ಕಲೀತಿದ್ದೀರಂತೆ, ಎಷ್ಟು ದೂರ ಓಡಿಸಿದಿರಿ?" ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ಕನಿಷ್ಠ ಆರು ಮಂದಿಯಾದರೂ ಹೀಗೆ ಕೇಳಿದರು. ಹದಿನಾಲ್ಕು ತಿಂಗಳಾಯಿತು, ಇನ್ನೂ ಒಂದು ಸಲವೂ ಮೇಲೆ ಹತ್ತಿಲ್ಲ ಎಂದೆ. ಎಲ್ಲರ ಮುಖದಲ್ಲೂ ಒಂದೇ ಭಾವ: ಪಾಪ, ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ ಅಂತ. ಅದೇ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಸಂಪಾದಕರು, "ಅದನ್ನೇ ಬರೆದುಕೊಡಿ" ಎಂದರು. ಹೋಳಿಗೆ ತಟ್ಟೆಗೆ ಬೀಳುವಷ್ಟರಲ್ಲಿ ನಾನು ಒಪ್ಪಿಕೊಂಡಾಗಿತ್ತು. ಆಮೇಲೆ ಬೇಸಿಗೆ ಕಳೆದು ಅಕ್ಟೋಬರ್ ಕೂಡ ಮುಗಿಯಿತು. ತಡವಾದದ್ದು ಒಳ್ಳೆಯದೇ ಆಯಿತು. ಹೇಳಲು ಆಗ ಅರ್ಧ ಕಥೆ ಮಾತ್ರ ಇತ್ತು.

ನಾನು ಕಲಿಯುತ್ತಿರುವುದು ಸವಾರಿಯಲ್ಲ, ನೆಲದ ಮೇಲೆ ನಿಂತು ಕುದುರೆಯ ಜೊತೆ ಮಾಡುವ ಕೆಲಸ. ಇಲ್ಲಿನವರು ಗ್ರೌಂಡ್‌ವರ್ಕ್ ಎನ್ನುತ್ತಾರೆ. ಜೀನು ಇಲ್ಲ, ಬಾಯಲ್ಲಿ ಕಡಿವಾಣ ಇಲ್ಲ. ಮುಖಕ್ಕೊಂದು ಹಗ್ಗದ ಹಾಲ್ಟರ್, ಅದಕ್ಕೆ ಕಟ್ಟಿದ ಹನ್ನೆರಡು ಅಡಿ ಹಗ್ಗ, ಅಷ್ಟೇ. ಹಿಂದೆ ಸರಿ ಎಂದರೆ ಸರಿಯಬೇಕು, ಹಿಂಭಾಗ ಆಚೆ ಹಾಕು ಎಂದರೆ ಹಾಕಬೇಕು, ಸುತ್ತ ನಡೆ ಎಂದರೆ ನಡೆಯಬೇಕು. ಆ ಹಗ್ಗವನ್ನೂ ಬಿಚ್ಚಿ ಇದನ್ನೆಲ್ಲ ಮಾಡಿದರೆ ಅದಕ್ಕೆ ಲಿಬರ್ಟಿ ಎಂದು ಹೆಸರು. 2003ರಲ್ಲಿ ಕ್ವಿಬೆಕ್‌ನಲ್ಲಿ ಶುರುವಾದ ಕವಾಲಿಯಾ ಪ್ರದರ್ಶನವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದರಲ್ಲಿ ಫ್ರಾನ್ಸಿನ ಫ್ರೆಡರಿಕ್ ಪಿನ್ಯೋ ಎಂಬಾತ ಬರಿಗೈಯಲ್ಲಿ ನಿಂತರೆ ಕುದುರೆಗಳು ಬಂದು ಅವನನ್ನು ಸುತ್ತುವರಿಯುತ್ತಿದ್ದವು. ಅದು ಈ ವಿದ್ಯೆಯ ಸಂಗೀತ ಕಚೇರಿ ಅನ್ನಿ. ನಾನಿನ್ನೂ ಸರಳೆ ವರಸೆಯಲ್ಲಿದ್ದೇನೆ.

ಆದರೆ ನಾನು ಇದಕ್ಕೆ ಇಳಿದದ್ದು ಕಚೇರಿ ಮಾಡುವ ಆಸೆಯಿಂದಲ್ಲ, ಬೆಂಕಿಯಿಂದ.

ನಾನು ಹೋಗುವ ಲಾಯ ಸಾಂತಾಕ್ರೂಜ್ ಬೆಟ್ಟಗಳ ಅಂಚಿನಲ್ಲಿದೆ. 2020ರ ಆಗಸ್ಟ್‌ನಲ್ಲಿ ಮಳೆಯಿಲ್ಲದ ಸಿಡಿಲಿಗೆ ಹೊತ್ತಿಕೊಂಡ ಬೆಂಕಿ ಆ ಬೆಟ್ಟಗಳಲ್ಲಿ 86 ಸಾವಿರ ಎಕರೆಗೂ ಹೆಚ್ಚು ಸುಟ್ಟಿತು. ಆ ಬೇಸಿಗೆ ನಾವೆಲ್ಲ ಕಿಟಕಿ ಮುಚ್ಚಿಕೊಂಡು ಕೂತಿದ್ದು, ಸೆಪ್ಟೆಂಬರ್ 9ರ ಬೆಳಿಗ್ಗೆ ಕಿತ್ತಳೆ ಬಣ್ಣದ ಆಕಾಶ ನೋಡಿ ಗಡಿಯಾರ ಕೆಟ್ಟಿದೆಯೇ ಎಂದುಕೊಂಡಿದ್ದು ನಿಮಗೂ ನೆನಪಿರಬೇಕು. ಲಾಯದಲ್ಲಿ ಆಗ ಹನ್ನೆರಡು ಕುದುರೆಗಳು. ಹೊರಡಿ ಎಂದು ಆದೇಶ ಬಂದಾಗ ಹನ್ನೊಂದು ಕುದುರೆ ಟ್ರೇಲರ್ ಹತ್ತಿದವು. ಒಂದು ಹತ್ತಲಿಲ್ಲ. ಎರಡು ಗಂಟೆ ಎಳೆದರು, ದಬ್ಬಿದರು, ಓಟ್ಸ್ ತೋರಿಸಿದರು. ಮುಂಗಾಲು ಎತ್ತಿ ನಿಂತಿತೇ ಹೊರತು ಒಳಗೆ ಕಾಲಿಡಲಿಲ್ಲ. ಕೊನೆಗೆ ಲಾಯದ ಒಡತಿ, ಆಗಲೇ ಅರವತ್ತು ದಾಟಿದಾಕೆ, ಬೂದಿ ಉದುರುತ್ತಿದ್ದ ರಸ್ತೆಯಲ್ಲಿ ಅದನ್ನು ಹಿಡಿದುಕೊಂಡು ಕಾಲ್ನಡಿಗೆಯಲ್ಲೇ ಬೆಟ್ಟ ಇಳಿದರು.

ಆ ಕುದುರೆಯ ಹೆಸರು ಜುನಿಪರ್. ಕೆಂದು ಬಣ್ಣದ ಹೆಣ್ಣು, ಐನೂರು ಕಿಲೋ ತೂಕ. ಚಿಕ್ಕ ವಯಸ್ಸಿನಲ್ಲಿ ರೇಸಿನಲ್ಲಿದ್ದವಳು, ಅಲ್ಲಿಂದ ಎರಡು ಮೂರು ಕೈ ಬದಲಾಗಿ ಇಲ್ಲಿಗೆ ಬಂದವಳು. 2024ರ ಜನವರಿಯಲ್ಲಿ ನಾನು ಸವಾರಿ ಕಲಿಯುತ್ತೇನೆ ಎಂದು ಹೋದಾಗ ಒಡತಿ ನನ್ನ ಮೇಲಿಂದ ಕೆಳಗೆ ನೋಡಿ, "ನಿನಗೆ ಅವಸರ ಇದೆಯಾ?" ಎಂದರು. ಇಲ್ಲ ಎಂದೆ. "ಹಾಗಾದರೆ ಇವಳಿಗೆ ಟ್ರೇಲರ್ ಹತ್ತುವುದನ್ನು ಕಲಿಸುವ ಕೆಲಸಕ್ಕೆ ನೀನು ಸರಿ" ಎಂದರು. ತುಮಕೂರು ಕಡೆಯವನಾದ ನಾನು ಕುಣಿಗಲ್ ಕುದುರೆ ಫಾರಂನ ಬೇಲಿಯಾಚೆಯಿಂದ, ಅದೂ ಬಸ್ಸಿನ ಕಿಟಕಿಯಲ್ಲಿ ಕುದುರೆ ನೋಡಿದ್ದು ಬಿಟ್ಟರೆ ಬೇರೆ ಅನುಭವ ಇರಲಿಲ್ಲ. ಎಲೆಕ್ಟ್ರಾನಿಕ್ಸ್ ಡಿಗ್ರಿ ಈ ಕೆಲಸಕ್ಕೆ ಬರುವುದೇ ಎಂದು ಕೇಳಿದೆ. ಅಡ್ಡಿಯಿಲ್ಲ ಎಂದರು.

ಬೆಂಕಿ ಮತ್ತು ಕುದುರೆಯ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. 2017ರ ಡಿಸೆಂಬರ್‌ನಲ್ಲಿ ಸ್ಯಾನ್ ಡಿಯಾಗೋ ಕಡೆಯ ಸ್ಯಾನ್ ಲೂಯಿಸ್ ರೇ ಡೌನ್ಸ್ ಎಂಬ ರೇಸ್ ತರಬೇತಿ ಕೇಂದ್ರಕ್ಕೆ ಬೆಂಕಿ ನುಗ್ಗಿ 46 ಕುದುರೆಗಳು ಸತ್ತವು. ಬಾಗಿಲು ತೆಗೆದು ಬಿಟ್ಟರೆ ಓಡಿ ಬದುಕಿಕೊಳ್ಳುತ್ತವೆ ಎಂದು ನಮಗೆ ಅನಿಸುತ್ತದೆ. ಹೆದರಿದ ಕುದುರೆಗೆ ಲಾಯವೇ ಮನೆ, ಉರಿಯುವ ಲಾಯಕ್ಕೂ ವಾಪಸು ಓಡುತ್ತದೆ. ಅದಕ್ಕೇ ಕುದುರೆಯನ್ನು ಹೊರಗೆ ತಂದ ಕೂಡಲೇ ಹಿಂದೆ ಬಾಗಿಲು ಹಾಕು ಎನ್ನುತ್ತಾರೆ. ನೈಲಾನ್ ಹಾಲ್ಟರ್ ಹಾಕಬೇಡ, ಕರಗಿ ಮುಖಕ್ಕೆ ಅಂಟುತ್ತದೆ, ಹತ್ತಿಯದೋ ಚರ್ಮದ್ದೋ ಇಟ್ಟುಕೋ ಎನ್ನುತ್ತಾರೆ. ಕಳೆದುಹೋದರೆ ಸಿಗಲಿ ಎಂದು ಗೊರಸಿನ ಮೇಲೆ ಮಾರ್ಕರ್‌ನಲ್ಲಿ ಫೋನ್ ನಂಬರ್ ಬರೆಯುತ್ತಾರೆ. ಇಷ್ಟೆಲ್ಲ ಸಿದ್ಧತೆ ಇದ್ದರೂ ಕುದುರೆ ಟ್ರೇಲರ್ ಹತ್ತದಿದ್ದರೆ ಎಲ್ಲ ನೀರಿನಲ್ಲಿ ಹೋಮ.

ಇನ್ನು ಕಲಿಕೆಗೆ ಬರೋಣ. ಮೊದಲ ಎರಡು ವಾರ ಕುದುರೆ ನಾನೇ ಆಗಿದ್ದೆ! ತಮಾಷೆ ಅಲ್ಲ. ಹಗ್ಗದ ಒಂದು ತುದಿ ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೋ ಎಂದರು. ಇನ್ನೊಂದು ತುದಿ ಅವರ ಕೈಯಲ್ಲಿ. ಬಾಯಿ ಬಿಡುವಂತಿಲ್ಲ. ಹಗ್ಗ ಸ್ವಲ್ಪ ಬಿಗಿಯಾಗುತ್ತದೆ, ನನಗೆ ಏನು ಬೇಕೆಂದು ಗೊತ್ತಿಲ್ಲ. ಮುಂದೆ ಹೋಗಿ ನೋಡಿದೆ, ಬಿಗಿತ ಹಾಗೇ ಇತ್ತು. ಎಡಕ್ಕೆ ಹೋದೆ, ಹಾಗೇ ಇತ್ತು. ಬಲಗಾಲಿಗೆ ಭಾರ ಹಾಕಿದ್ದಷ್ಟೇ, ಹಗ್ಗ ಮೆತ್ತಗಾಯಿತು. ಓ, ಇದು ಬೇಕಿತ್ತು! ಆ ಮೆತ್ತಗಾದ ಕ್ಷಣದಲ್ಲಿ ಆಗುವ ನೆಮ್ಮದಿಯನ್ನು ಬರೆದು ತಿಳಿಸುವುದು ಕಷ್ಟ. ಅತ್ತೆ ಮಾವ ಬಂದಾಗ ಅಡಿಗೆ ಹೇಗಿದೆ ಎಂದು ಕಾಯುತ್ತೀರಲ್ಲ, ಮಾವನವರು ಎರಡನೇ ಸಲ ಸಾರು ಬಡಿಸಿಕೊಂಡಾಗ ಆಗುತ್ತದಲ್ಲ, ಅಂಥದ್ದು.

ಇದಕ್ಕೆ ಅವರ ಭಾಷೆಯಲ್ಲಿ ರಿಲೀಸ್ ಎಂದು ಹೆಸರು. ನಮ್ಮ ಕಸುಬಿನಲ್ಲಿ ರಿಲೀಸ್ ಎಂದರೆ ಶುಕ್ರವಾರ ರಾತ್ರಿ ಹೆಂಡತಿ ಮಕ್ಕಳಿಗೆ ಮುಖ ತೋರಿಸದೆ ಕೂರುವುದು. ಅವರ ಕಸುಬಿನಲ್ಲಿ ಬಿಟ್ಟುಬಿಡುವುದು. ಕುದುರೆಗೆ ಒತ್ತಡ ಏನನ್ನೂ ಕಲಿಸುವುದಿಲ್ಲ, ಹುಡುಕು ಎಂದಷ್ಟೇ ಹೇಳುತ್ತದೆ. ಯಾವಾಗ ಒತ್ತಡ ಹೋಯಿತೋ ಆ ಕ್ಷಣ ತಾನು ಏನು ಮಾಡುತ್ತಿದ್ದೆನೋ ಅದೇ ಸರಿಯುತ್ತರ ಎಂದು ಕುದುರೆ ಬರೆದಿಟ್ಟುಕೊಳ್ಳುತ್ತದೆ. ಇಲ್ಲಿ ತಡ ಆಗುವಂತಿಲ್ಲ. ಕುದುರೆ ಒಂದು ಹೆಜ್ಜೆ ಹಿಂದೆ ಸರಿಯಿತು, ನೀವು ಮೂರು ಸೆಕೆಂಡ್ ಬಿಟ್ಟು ಹಗ್ಗ ಸಡಿಲಿಸಿದಿರಿ ಎನ್ನಿ. ಅಷ್ಟರಲ್ಲಿ ಅದು ತಲೆ ಎತ್ತಿ ಕಿವಿ ಹಿಂದೆ ಮಾಡಿರುತ್ತದೆ. ತಲೆ ಎತ್ತುವುದೇ ಸರಿ ಎಂದು ನೀವೇ ಹೇಳಿಕೊಟ್ಟಂತಾಯಿತು. ಮನಃಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಎನ್ನುತ್ತಾರೆ. ಹೆಸರು ಕೇಳಿ ಶಿಕ್ಷೆ ಎಂದು ತಿಳಿಯಬೇಡಿ. ಏನನ್ನೋ ತೆಗೆಯುವುದರಿಂದ ಕಲಿಸುವುದು ಎಂದಷ್ಟೇ ಅರ್ಥ.

ಅಮೆರಿಕದಲ್ಲಿ ಈ ದಾರಿಯನ್ನು ನಮ್ಮ ಕಾಲಕ್ಕೆ ತಂದವರು ಒರೆಗಾನ್‌ನ ಅಣ್ಣತಮ್ಮ, ಬಿಲ್ ಡಾರೆನ್ಸ್ ಮತ್ತು ಟಾಮ್ ಡಾರೆನ್ಸ್. ಟಾಮ್ ಹುಟ್ಟಿದ್ದು 1910ರಲ್ಲಿ, ತೀರಿಕೊಂಡದ್ದು 2003ರಲ್ಲಿ. ಅವರ ಶಿಷ್ಯ ರೇ ಹಂಟ್, ಹಂಟ್‌ನ ಶಿಷ್ಯ ಬಕ್ ಬ್ರಾನಮನ್. ಈ ಬಕ್ ಬಗ್ಗೆ 2011ರಲ್ಲಿ 'ಬಕ್' ಎಂಬ ಸಾಕ್ಷ್ಯಚಿತ್ರ ಬಂದಿದೆ, ಸಿಕ್ಕರೆ ಖಂಡಿತ ನೋಡಿ. ನಮ್ಮ ಗುರು ಶಿಷ್ಯ ಪರಂಪರೆಯ ಹಾಗೆಯೇ. ಪುಸ್ತಕ ಓದಿ ಬರುವ ವಿದ್ಯೆ ಅಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕು.

ಜುನಿಪರ್ ಜೊತೆಗಿನ ಮೊದಲ ಪಾಠ ಹಿಂಭಾಗ ಸರಿಸುವುದು. ಕುದುರೆಯ ಎಂಜಿನ್ ಇರುವುದು ಹಿಂದೆ. ಹಿಂಗಾಲನ್ನು ಇನ್ನೊಂದು ಹಿಂಗಾಲಿನ ಮುಂದೆ ದಾಟಿಸಿ ಇಡುವಂತೆ ಮಾಡಿದರೆ ಮುಂದಕ್ಕೆ ನುಗ್ಗುವ ಬಲ ಆ ಗಳಿಗೆಗೆ ಇಲ್ಲವಾಗುತ್ತದೆ. ಅದೇ ಬ್ರೇಕು. ಮೊದಲು ಅವಳ ಸೊಂಟದ ಕಡೆ ನೋಡಬೇಕು. ಸರಿಯದಿದ್ದರೆ ಮೈ ಸ್ವಲ್ಪ ಬಾಗಿಸಬೇಕು. ಆಮೇಲೆ ಹಗ್ಗದ ತುದಿ ಎತ್ತಬೇಕು. ಕೊನೆಗೆ ಮಾತ್ರ ತಗುಲಿಸಬೇಕು. ಪ್ರತಿ ಸಲವೂ ನೋಟದಿಂದಲೇ ಶುರು. ಮೊದಲ ವಾರ ನಾಲ್ಕನೇ ಮೆಟ್ಟಿಲು ಬೇಕಾಯಿತು. ಆರನೇ ವಾರ ನಾನು ಸೊಂಟದ ಕಡೆ ಕಣ್ಣು ಹಾಯಿಸಿದರೆ ಸಾಕು, ಕಾಲು ದಾಟಿಸುತ್ತಿದ್ದಳು. ಐನೂರು ಕಿಲೋ ಪ್ರಾಣಿ, ಮೈಮೇಲೆ ಒಂದು ನೊಣ ಕೂತರೆ ಆ ಜಾಗದ ಚರ್ಮವನ್ನಷ್ಟೇ ಅದುರಿಸಿ ಓಡಿಸುತ್ತದೆ. ಅದಕ್ಕೆ ನಮ್ಮ ಎಳೆದಾಟ ಯಾಕೆ ಬೇಕು ಹೇಳಿ?

ಇಡೀ ಚಳಿಗಾಲ ಇಷ್ಟೇ. ಹಿಂದೆ, ಪಕ್ಕ, ಸುತ್ತ, ನಿಲ್ಲು. ಎಡಗಡೆಯಿಂದ ಒಮ್ಮೆ, ಬಲಗಡೆಯಿಂದ ಒಮ್ಮೆ. ಕುದುರೆಯ ಎಡಗಣ್ಣು ನೋಡಿದ್ದು ಬಲಗಣ್ಣಿಗೆ ಗೊತ್ತೇ ಆಗುವುದಿಲ್ಲ ಎಂದು ಕುದುರೆಯವರಲ್ಲಿ ಒಂದು ನಂಬಿಕೆ ಇದೆ. ಪ್ರಯೋಗಗಳಲ್ಲಿ ಅದು ಸುಳ್ಳೆಂದು ಕಂಡಿದೆ. ಆದರೂ ಎರಡೂ ಕಡೆ ಮಾಡುವ ಅಭ್ಯಾಸ ಒಳ್ಳೆಯದೇ.

ಸೂಚನೆಗಳನ್ನು ನಾನು ಕನ್ನಡದಲ್ಲೇ ಕೊಟ್ಟೆ. 'ಬಾ', 'ನಡಿ', 'ನಿಲ್ಲು', 'ಸಾಕು'. ಎರಡೇ ತಿಂಗಳಲ್ಲಿ ನಾಲ್ಕೂ ಬಂದವು. ನಮ್ಮ ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡದ ಕ್ಯಾಲಿಫೋರ್ನಿಯಾ ನಿವಾಸಿ ಇವಳೊಬ್ಬಳೇ ಎಂದು ಮಗಳಿಗೆ ಹೇಳಿದೆ. ಅವಳು ಅದಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸಿದಳು.

ಏಪ್ರಿಲ್‌ನಲ್ಲಿ ಹಗ್ಗ ಬಿಚ್ಚುವ ಕಾಲ ಬಂತು. ಇಲ್ಲಿ ಒಂದು ವಾದ ಇದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಲಿಬರ್ಟಿ ಎಂದ ಕೂಡಲೇ ಬಹಳ ಜನ ಮಾಡುವುದು ಐವತ್ತು ಅರವತ್ತು ಅಡಿ ಅಗಲದ ದುಂಡು ಬೇಲಿಯೊಳಗೆ. ಮೂಲೆಯೇ ಇಲ್ಲದ ಜಾಗ. ಕುದುರೆಯನ್ನು ಓಡಿಸುತ್ತ ಹೋದರೆ ಸ್ವಲ್ಪ ಹೊತ್ತಿಗೆ ಅದು ಒಳಗಡೆಯ ಕಿವಿಯನ್ನು ನಿಮ್ಮ ಕಡೆ ತಿರುಗಿಸುತ್ತದೆ, ಬಾಯಿ ಚಪ್ಪರಿಸುತ್ತದೆ, ತಲೆ ತಗ್ಗಿಸುತ್ತದೆ. ಆಗ ನೀವು ಬೆನ್ನು ತಿರುಗಿಸಿದರೆ ಹತ್ತಿರ ಬಂದು ಭುಜದ ಹಿಂದೆ ನಿಲ್ಲುತ್ತದೆ. ಇದೇ ಕ್ಯಾಲಿಫೋರ್ನಿಯಾದ ಸಲೀನಾಸ್‌ನಲ್ಲಿ 1935ರಲ್ಲಿ ಹುಟ್ಟಿದ ಮಾಂಟಿ ರಾಬರ್ಟ್ಸ್ ಇದಕ್ಕೆ ಜಾಯಿನ್-ಅಪ್ ಎಂದು ಹೆಸರಿಟ್ಟು, 1989ರಲ್ಲಿ ಇಂಗ್ಲೆಂಡಿನ ರಾಣಿಯ ಮುಂದೆ ವಿಂಡ್ಸರ್‌ನಲ್ಲಿ ಮಾಡಿ ತೋರಿಸಿ ಜಗತ್ಪ್ರಸಿದ್ಧರಾದರು. ಕುದುರೆಯ ಭಾಷೆಯಲ್ಲೇ ಮಾತಾಡಿ ಅದರ ಮನಸ್ಸು ಗೆಲ್ಲುವುದು ಎಂದು ಅವರ ವಿವರಣೆ. ನೋಡಿದರೆ ಕಣ್ಣು ತುಂಬಿ ಬರುವಂತಿರುತ್ತದೆ, ನಿಜ.

ಆದರೆ 2012ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಕಿಲಾಡಿ ಪ್ರಯೋಗ ಮಾಡಿದರು. ದುಂಡು ಬೇಲಿಯೊಳಗೆ ಮನುಷ್ಯನ ಬದಲು ರಿಮೋಟ್ ಕಂಟ್ರೋಲ್ ಆಟಿಕೆ ಕಾರು ಬಿಟ್ಟರು. ಕುದುರೆ ದೂರ ಹೋದರೆ ಕಾರು ಬೆನ್ನಟ್ಟುತ್ತದೆ, ಕಾರಿನ ಕಡೆ ತಿರುಗಿದರೆ ನಿಲ್ಲುತ್ತದೆ. ಕುದುರೆಗಳು ಕಾರಿನ ಕಡೆ ತಿರುಗಲು, ಹತ್ತಿರ ಹೋಗಲು ಕಲಿತವು. ಆಟಿಕೆ ಕಾರಿಗೆ ಕುದುರೆಯ ಭಾಷೆ ಬರುತ್ತದೆ ಎಂದು ಯಾರೂ ಹೇಳಲಾರರು. ಬಾಯಿ ಚಪ್ಪರಿಸುವುದಕ್ಕೂ, ಅದು ಒಪ್ಪಿಗೆಯಲ್ಲ, ಗಾಬರಿಯಲ್ಲಿ ಒಣಗಿದ ಬಾಯಿಗೆ ಮತ್ತೆ ಜೊಲ್ಲು ಬರುತ್ತಿರುವ ಲಕ್ಷಣ ಎಂಬ ಸರಳ ವಿವರಣೆ ಇದೆ.

ನಮ್ಮ ಗುರುಗಳಿಗೆ ಈ ಪ್ರಯೋಗ ಬಹಳ ಇಷ್ಟ. ಓಡಿಹೋಗಲು ದಾರಿಯೇ ಇಲ್ಲದ ಕಡೆ ಹತ್ತಿರ ಬಂದರೆ ಅದನ್ನು ಸ್ವಾತಂತ್ರ್ಯ ಅನ್ನಬೇಡ ಎನ್ನುತ್ತಾರೆ. ಹಾಗಾಗಿ ನಮ್ಮ ಲಿಬರ್ಟಿ ನಡೆಯುವುದು ಅರ್ಧ ಎಕರೆ ಹುಲ್ಲುಗಾವಲಿನಲ್ಲಿ. ಹೋಗಬೇಕೆಂದರೆ ಹೋಗಬಹುದು, ಮೂಲೆಯಲ್ಲಿ ಹಸಿರು ಹುಲ್ಲೂ ಇದೆ. ನನಗೂ ಇದೇ ಸರಿ ಅನಿಸುತ್ತದೆ. ಇದರಲ್ಲೂ ಒತ್ತಡ ಬಿಡುಗಡೆಗಳ ಲೆಕ್ಕ ಇದ್ದೇ ಇದೆ, ಮಾಯಮಂತ್ರ ಏನಿಲ್ಲ. ಆದರೆ ಬೇಡ ಎಂದು ಹೇಳುವ ಜಾಗ ಕುದುರೆಗೆ ಉಳಿದಿದೆ. ಬೆಂಕಿಯ ದಿನ ನಮಗೆ ಬೇಕಾದದ್ದು ಬೇರೆ ಗತಿಯಿಲ್ಲದೆ ಬರುವ ಕುದುರೆಯಲ್ಲ. ಅಂಥದ್ದಕ್ಕೆ ಅವತ್ತು ನಮ್ಮ ಹಗ್ಗಕ್ಕಿಂತ ದೊಡ್ಡ ಭಯ ಇನ್ನೊಂದು ಕಡೆಯಿಂದ ಎಳೆಯುತ್ತಿರುತ್ತದೆ.

ಮೊದಲ ಶನಿವಾರ ಹಾಲ್ಟರ್ ಬಿಚ್ಚಿದ ತಕ್ಷಣ ಜುನಿಪರ್ ಬಾಲ ಎತ್ತಿಕೊಂಡು ಆಚೆ ಮೂಲೆಗೆ ಹೋದಳು. ಮೇಯಲು ಶುರು ಮಾಡಿದಳು. ನಾನು ನಿಧಾನ ಅವಳ ಸೊಂಟದ ಕಡೆಗೆ ನಡೆದೆ. ತಲೆ ಎತ್ತಿದಳು. ತಕ್ಷಣ ನಾನು ಎರಡು ಹೆಜ್ಜೆ ಹಿಂದೆ. ಮತ್ತೆ ಮೇಯ್ದಳು, ಮತ್ತೆ ನಡೆದೆ. ಒಂದು ಕಿವಿ ನನ್ನ ಕಡೆ ತಿರುಗಿದರೆ ಬೆನ್ನು ತಿರುಗಿಸಿ ನಿಂತೆ. ಐವತ್ತು ನಿಮಿಷದಲ್ಲಿ ಹತ್ತು ಅಡಿ ದೂರಕ್ಕೆ ಬಂದಳು. ನನ್ನನ್ನು ನೋಡಿದಳು, ಹೊರಟುಹೋದಳು. ಅಷ್ಟಕ್ಕೆ ಮುಗಿಸಿದೆವು. ಮೂರನೇ ಶನಿವಾರ ಬಂದು ಮೊಣಕೈಯ ಹತ್ತಿರ ಉಸಿರು ಬಿಟ್ಟಳು. ನಾನು ನಡೆದರೆ ನಡೆದಳು, ನಿಂತರೆ ನಿಂತಳು. ಜೇಬಿನಲ್ಲಿ ಕ್ಯಾರೆಟ್ ಇರಲಿಲ್ಲ. ಸವಾರಿ ಮಾಡಿದ್ದರೂ ಇಷ್ಟು ಖುಷಿ ಆಗುತ್ತಿತ್ತೋ ಇಲ್ಲವೋ.

ನಮ್ಮ ತಾತನ ಎತ್ತುಗಳು ನೆನಪಾದವು. ತಾತ ನೊಗ ಎತ್ತಿ ಹಿಡಿದರೆ ಅವು ತಾವೇ ಬಂದು ಕತ್ತು ಕೊಡುತ್ತಿದ್ದವು. ಯಾರೂ ಎಳೆಯುತ್ತಿರಲಿಲ್ಲ. ಅದನ್ನು ನಾವು ಹುಡುಗರು ಎತ್ತುಗಳ ಒಳ್ಳೆಯತನ ಎಂದುಕೊಂಡಿದ್ದೆವು. ಹೊಸ ಹೋರಿಯನ್ನು ಹಳೆಯ ಎತ್ತಿನ ಜೊತೆ ಹೂಡಿ, ಎರಡು ಸಾಲು ಹೊಡೆದು ಬಿಚ್ಚಿಬಿಡುತ್ತಿದ್ದರು. ಎರಡೇ ಸಾಲು. ಅದಕ್ಕೆ ಸಾಕೆನಿಸುವ ಮೊದಲೇ ಬಿಚ್ಚುವುದು. ಮೂಗುದಾರ ಇತ್ತು, ಬಾರುಕೋಲೂ ಇತ್ತು, ಅದನ್ನು ಮುಚ್ಚಿಡುವುದು ಬೇಡ. ಆದರೆ ಯಾವಾಗ ಬಿಡಬೇಕು ಎಂಬುದು ತಾತನಿಗೆ ಗೊತ್ತಿತ್ತು, ಡಾರೆನ್ಸ್ ಸಹೋದರರ ಹೆಸರು ಕೇಳದೆಯೇ.

ಇನ್ನು ಟ್ರೇಲರ್. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಸುಮಾರು 350 ಡಿಗ್ರಿ ಕಾಣುತ್ತದೆ. ಹಣೆಯ ನೇರ ಮುಂದೆ ಸ್ವಲ್ಪ ಜಾಗ, ಬಾಲದ ಹಿಂದೆ ಸ್ವಲ್ಪ ಜಾಗ ಮಾತ್ರ ಕಾಣುವುದಿಲ್ಲ. ಬಿಸಿಲಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಅದರ ಕಣ್ಣಿಗೆ ನಮಗಿಂತ ಹೆಚ್ಚು ಹೊತ್ತು ಬೇಕು. ಈಗ ಅದರ ಜಾಗದಲ್ಲಿ ನಿಂತು ನೋಡಿ: ಎರಡೂ ಪಕ್ಕ ಗೋಡೆ, ಒಳಗೆ ಕತ್ತಲೆ, ಕಾಲಿಟ್ಟರೆ ಟೊಳ್ಳು ಸದ್ದು. ಬಯಲಿನಲ್ಲಿ ಓಡಿ ಬದುಕಿದ ಪ್ರಾಣಿಗೆ ಇದು ಗುಹೆ. ಹತ್ತದಿರುವುದು ಹಟವಲ್ಲ, ಬುದ್ಧಿವಂತಿಕೆ.

ಹಾಗಾಗಿ ಗುಹೆಯನ್ನು ಬಿಡಿ ಬಿಡಿ ಮಾಡಿ ಕೊಟ್ಟೆವು. ಮೇ ತಿಂಗಳೆಲ್ಲ ನೆಲದ ಮೇಲಿಟ್ಟ ಪ್ಲೈವುಡ್ ಹಲಗೆಯ ಮೇಲೆ ನಡಿಗೆ, ಸದ್ದಿಗಾಗಿ. ಜೂನ್‌ನಲ್ಲಿ ಎರಡು ಡ್ರಮ್ಮುಗಳ ನಡುವಿನ ಇಕ್ಕಟ್ಟಿನಲ್ಲಿ. ಆಮೇಲೆ ಮೇಲೆ ಟಾರ್ಪಾಲು ಕಟ್ಟಿ ಅದರಡಿಯಲ್ಲಿ. ಟ್ರೇಲರ್ ಬಂದದ್ದು ಜುಲೈನಲ್ಲಿ. ಮೊದಲ ದಿನ ಒಂದು ಮುಂಗಾಲು ಒಳಗಿಟ್ಟಳು, ಅವಳು ತೆಗೆಯುವ ಮೊದಲೇ ನಾನು 'ಸಾಕು' ಎಂದು ಹಿಂದೆ ಕರೆದೆ. ಹತ್ತಿಸುವುದಕ್ಕಿಂತ ಇಳಿಸುವುದನ್ನೇ ಹೆಚ್ಚು ಕಲಿಸಿದೆವು ಎಂದರೂ ತಪ್ಪಿಲ್ಲ. ವಾಪಸು ಬರಲು ಆಗುತ್ತದೆ ಎಂದು ಗೊತ್ತಿದ್ದರೆ ತಾನೇ ಒಳಗೆ ಹೋಗಲು ಧೈರ್ಯ? ಆ ವರ್ಷದ ಬೆಂಕಿಯ ಕಾಲ ದೇವರ ದಯೆಯಿಂದ ನಮ್ಮ ಬೆಟ್ಟದಲ್ಲಿ ಸುಮ್ಮನೆ ಕಳೆಯಿತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿದು, ಬರ್ಬ್ಯಾಂಕ್‌ನ ಈಕ್ವೆಸ್ಟ್ರಿಯನ್ ಸೆಂಟರ್‌ಗೆ ನೂರಾರು ಕುದುರೆಗಳನ್ನು ಸಾಗಿಸಿದ್ದನ್ನು ಟಿವಿಯಲ್ಲಿ ನೋಡುತ್ತ ಕೂತಾಗ ನನಗೆ ಕಾಣುತ್ತಿದ್ದದ್ದು ಟ್ರೇಲರ್ ಬಾಗಿಲು ಮಾತ್ರ.

ಈ ಅಕ್ಟೋಬರ್‌ನ ಒಂದು ಶನಿವಾರ ಟ್ರೇಲರನ್ನು ಹುಲ್ಲುಗಾವಲಿನ ಗೇಟಿಗೆ ಹಿಂದು ಮಾಡಿ ನಿಲ್ಲಿಸಿ, ಒಳಗೆ ಒಂದು ಹಿಡಿ ಒಣಹುಲ್ಲು ಹಾಕಿ, ಹಾಲ್ಟರ್ ಬಿಚ್ಚಿದೆ. ಅರ್ಧ ಎಕರೆ ತೆರೆದಿತ್ತು. 'ನಡಿ' ಎಂದೆ. ಟ್ರೇಲರ್ ಬಾಯಲ್ಲಿ ನಿಂತಳು, ನೆಲ ಮೂಸಿದಳು, ನಾಲ್ಕೂ ಕಾಲು ಒಳಗಿಟ್ಟಳು. ಹುಲ್ಲು ಜಗಿಯುವ ಸದ್ದು ಕೇಳುತ್ತಿತ್ತು. ಬಾಗಿಲು ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದೆ ಹಿಂದೆ ಹೆಜ್ಜೆ ಇಟ್ಟು ಇಳಿದು ಬಂದಳು, ನನ್ನ ತೋಳು ಮೂಸಿದಳು, ತಿರುಗಿ ಮತ್ತೆ ಹತ್ತಿದಳು. ಹುಲ್ಲಿಗಾಗಿ ಹೋದಳೋ ನನಗಾಗಿ ಹೋದಳೋ ಎಂದು ದಯವಿಟ್ಟು ಕೇಳಬೇಡಿ. ಹುಲ್ಲಿಗಾಗಿಯೇ. ಬೇಲಿಗೆ ಒರಗಿ ನಿಂತಿದ್ದ ಒಡತಿ ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು.

ಈಗ ಹಗ್ಗ ಹಾಕಿ ಹತ್ತಿಸಿದರೆ ಲಾಯದ ಬಾಗಿಲಿನಿಂದ ಟ್ರೇಲರ್ ಬಾಗಿಲು ಹಾಕುವವರೆಗೆ ಮೂರು ನಿಮಿಷದೊಳಗೆ ಮುಗಿಯುತ್ತದೆ. ಹಗಲು ಮಾಡಿದ್ದೇವೆ, ರಾತ್ರಿ ಟಾರ್ಚ್ ಬೆಳಕಿನಲ್ಲಿ ಮಾಡಿದ್ದೇವೆ, ಗಾಳಿ ಬೀಸುವಾಗಲೂ ಮಾಡಿದ್ದೇವೆ.

ಉಳಿದಿರುವ ತೊಂದರೆ ಒಂದೇ. ಬೆಂಕಿಯ ದಿನ ಅವಳನ್ನು ಹತ್ತಿಸುವವನು ನಾನೇ ಆಗಿರುತ್ತೇನೆ ಎಂದು ಹೇಳಲಾಗದು. ನಾನು ಆಫೀಸಿನಲ್ಲಿರಬಹುದು, ರಸ್ತೆ ಮುಚ್ಚಿರಬಹುದು. ಯಾರೋ ಸ್ವಯಂಸೇವಕರು ಬರುತ್ತಾರೆ, ಅವರಿಗೆ ಕನ್ನಡ ಬರುವುದಿಲ್ಲ! ಆದ್ದರಿಂದ ಜುನಿಪರ್‌ಗೆ ಈಗ ಇಂಗ್ಲಿಷ್ ಪಾಠವೂ ನಡೆಯುತ್ತಿದೆ, ಮಗಳೇ ಮೇಷ್ಟರು. ಅದರ ಜೊತೆಗೆ ಬೇರೆ ಬೇರೆ ಎತ್ತರದ, ಬೇರೆ ಬೇರೆ ದನಿಯ, ಕುದುರೆಯನ್ನು ಮುಟ್ಟಿಯೇ ಗೊತ್ತಿಲ್ಲದ ಅಪರಿಚಿತರು ಬೇಕು. ನಮ್ಮ ಕೂಟದಲ್ಲಿ ಇಂಥವರಿಗೆ ಬರವಿಲ್ಲ. ಮುಂದಿನ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಹತ್ತಕ್ಕೆ ಬರಲು ಇಷ್ಟವಿರುವವರು ಈ ಪತ್ರಿಕೆಯ ಸಂಪಾದಕರಿಗೆ ಒಂದು ಸಾಲು ಬರೆಯಿರಿ, ವಿಳಾಸ ಕಳಿಸುತ್ತೇನೆ. ಹಗ್ಗ ಹಿಡಿಯುವುದು ಹೇಗೆಂದು ಅಲ್ಲೇ ಹೇಳಿಕೊಡುತ್ತಾರೆ. ಹತ್ತು ವರ್ಷ ದಾಟಿದ ಮಕ್ಕಳೂ ಬರಬಹುದು. ಚಪ್ಪಲಿ ಬೇಡ, ಮುಚ್ಚಿದ ಶೂ ಹಾಕಿಕೊಂಡು ಬನ್ನಿ. ಹಿಂದಿನಿಂದ ಹೋಗಿ ಬೆನ್ನು ತಟ್ಟಬೇಡಿ. ಕ್ಯಾರೆಟ್ ತರಬೇಡಿ. ನನಗೆ ಚಕ್ಕುಲಿ ತಂದರೆ ಅಡ್ಡಿಯಿಲ್ಲ.